ಯೀಸ್ಟ್‌ಗೆ ಜೀನ್ ಸೇರಿಸಿದ ಮೇಲೆ ಶುರುವಾಗುವ ಕೆಲಸ

"ಗಿಡದ ಜೀನನ್ನು ಯೀಸ್ಟ್‌ಗೆ ಸೇರಿಸಿದರೆ ಆಯ್ತಲ್ವಾ, ಔಷಧ ತಾನಾಗಿ ಬರುತ್ತೆ?" ಹುದುಗುವಿಕೆ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಜೀನ್ ಸೇರಿಸುವುದು ಈಗ ಅಂಥ ಕಷ್ಟವಲ್ಲ. ಹೆಣಗಾಟ ಇರುವುದು ಆಮೇಲೆ.

ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ನೋಡಿ. ಅದು ಸಿಗುವುದು ಆರ್ಟೆಮಿಸಿಯಾ ಆನ್ಯುವಾ ಎಂಬ ಗಿಡದಲ್ಲಿ. ಬೆಳೆ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು, ಬೆಲೆಯೂ ಏರುಪೇರು. ಅಮೆರಿಕದ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು 2006ರಲ್ಲಿ ಇದರ ಹಿಂದಿನ ಹಂತವಾದ ಆರ್ಟೆಮಿಸಿನಿಕ್ ಆಮ್ಲವನ್ನು ಯೀಸ್ಟ್‌ನಿಂದ ತೆಗೆದರು. ಲೀಟರಿಗೆ ಸುಮಾರು 100 ಮಿಲಿಗ್ರಾಂ. 2013ರಲ್ಲಿ ವರದಿಯಾದ ಇಳುವರಿ ಲೀಟರಿಗೆ 25 ಗ್ರಾಂ. ನಡುವೆ ಆದದ್ದೇನು?

ಔಷಧಕ್ಕೆ ಬೇಕಾದ ಕಚ್ಚಾವಸ್ತುವಿನಿಂದಲೇ ಯೀಸ್ಟ್ ತನ್ನ ಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಮಾಡಿಕೊಳ್ಳುತ್ತದೆ. ಆ ದಾರಿಯನ್ನು ಪೂರ್ತಿ ಮುಚ್ಚಿದರೆ ಯೀಸ್ಟ್ ಬದುಕಲ್ಲ. ಹಾಗಾಗಿ ಆ ದಾರಿಯನ್ನು ನಡೆಸುವ ಇಆರ್‌ಜಿ9 ಎಂಬ ಜೀನನ್ನು ಪೂರ್ತಿ ನಿಲ್ಲಿಸದೆ, ಸಾಕಷ್ಟು ತಗ್ಗಿಸಿದರು.

ಮುಂದಿನ ತೊಡಕು ಇನ್ನೂ ಸೂಕ್ಷ್ಮ. ಆಮ್ಲಜನಕ ಜೋಡಿಸುವ ಪಿ450 ಕಿಣ್ವಕ್ಕೆ ಎಲೆಕ್ಟ್ರಾನ್ ಒದಗಿಸುವ ಇನ್ನೊಂದು ಕಿಣ್ವ ಬೇಕು. ಇವೆರಡರ ಪ್ರಮಾಣ ಹೊಂದದಿದ್ದರೆ ಎಲೆಕ್ಟ್ರಾನ್ ಸೋರಿ, ಹಾನಿಕಾರಕ ರೂಪದ ಆಮ್ಲಜನಕ ಹುಟ್ಟಿ ಕೋಶ ನರಳುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಬರುತ್ತೆ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಸಂಶೋಧಕರು ಎಲೆಕ್ಟ್ರಾನ್ ಒದಗಿಸುವ ಆ ಜೊತೆಗಾರ ಕಿಣ್ವವನ್ನು ಕಡಿಮೆ ಮಾಡಿದರು! ಜೊತೆಗೆ ಪಿ450ಗೆ ನೆರವಾಗುವ ಸೈಟೋಕ್ರೋಮ್ ಬಿ5 ಎಂಬ ಪ್ರೋಟೀನ್ ಮತ್ತು ಗಿಡದ್ದೇ ಇನ್ನೆರಡು ಕಿಣ್ವ ಸೇರಿಸಿದರು. ಆಮ್ಲವಾಗುವ ಮುಂಚೆ ನಡುವೆ ಹುಟ್ಟುವ ಆಲ್ಡಿಹೈಡ್ ಎಂಬ ವಸ್ತು ಕೋಶದಲ್ಲಿ ಶೇಖರವಾಗದೆ ಮುಂದೆ ಸಾಗಿತು. ಟ್ಯಾಂಕಿನಲ್ಲಿ ಎಣ್ಣೆಯಂಥ ದ್ರಾವಕ ಹಾಕಿ, ಹೊರಬಂದ ಆಮ್ಲವನ್ನು ಅದಕ್ಕೆ ಹಿಡಿಸಿಕೊಂಡರು. ನನ್ನ ಕಣ್ಣಿಗೆ ಈ ಹೊಂದಾಣಿಕೆಯೇ ನಿಜವಾದ ಇಂಜಿನಿಯರಿಂಗ್. ಆ ಆಮ್ಲವನ್ನು ಆರ್ಟೆಮಿಸಿನಿನ್ ಆಗಿಸುವ ಕಡೆಯ ಹಂತ ಮಾತ್ರ ಯೀಸ್ಟ್‌ನದ್ದಲ್ಲ, ರಸಾಯನಶಾಸ್ತ್ರದ್ದು.

ಇಷ್ಟಾದರೂ ಮಾರುಕಟ್ಟೆ ಕೈಹಿಡಿಯಲಿಲ್ಲ. ಸನೋಫಿ ಕಂಪನಿ 2013ರಲ್ಲಿ ಉತ್ಪಾದನೆ ಶುರು ಮಾಡಿತು. ಆದರೆ ಗಿಡದಿಂದ ತೆಗೆದ ಆರ್ಟೆಮಿಸಿನಿನ್ ಅಗ್ಗವಾಯಿತು, ಯೀಸ್ಟ್‌ನದ್ದು ಪೈಪೋಟಿಗೆ ನಿಲ್ಲಲಿಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದು: ಗಿಡವೇ ಧಾರಾಳವಾಗಿ ಕೊಡುವ ವಸ್ತುವಿನ ಹಿಂದೆ ಹೋಗಬೇಡಿ. ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ಅಂಥದ್ದಲ್ಲ. ನಿತ್ಯಪುಷ್ಪದ ಎಲೆಯನ್ನು ರಾಶಿಗಟ್ಟಲೆ ಅರೆದರೂ ಸಿಗುವುದು ಚೂರೇ ಚೂರು. 2022ರಲ್ಲಿ ಅದರ ಎರಡು ಭಾಗಗಳನ್ನು ಯೀಸ್ಟ್ ತಯಾರಿಸಿತು. ಅದಕ್ಕೆ 30 ಕಿಣ್ವ ಹಂತಗಳನ್ನು ಜೋಡಿಸಬೇಕಾಯಿತು, ಯೀಸ್ಟ್‌ನ ಜೀನುಗಳಲ್ಲಿ 56 ತಿದ್ದುಪಡಿ ಮಾಡಬೇಕಾಯಿತು. ಅಲ್ಲಿ ಸಿಕ್ಕಿದ್ದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಇದನ್ನು ಗ್ರಾಂಗೆ ಏರಿಸುವ ಕೆಲಸಕ್ಕೆ ವರ್ಷಗಟ್ಟಲೆ ಕೂರಲು ತಯಾರಿರುವವರು ನಮಗೆ ಬೇಕು.