ನೋವು ಆಗಿದ್ದು ನಿಜ, ಅದು ಕಾಗದದ ಮೇಲೆ ಎಲ್ಲಿದೆ?

"ಮೇಡಂ, ಅವರು ಮಾಡಿದ್ದು ತಪ್ಪು ಅಂತ ಸಾಬೀತಾಯ್ತು ಅಂದ್ರ, ನನ್ನ ಮನಸಿನ ನೋವಿಗೂ ರೊಕ್ಕ ಬರ್ಬೇಕಲ್ರಿ?"

ಕಲಬುರಗಿಯ ನನ್ನ ಆಫೀಸಿನಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ. ನಮ್ಮ ಕಡೆಯ ಹುಡುಗರು ವಿಶ್ವಸಂಸ್ಥೆಯಂಥ ಕಡೆ ಕೆಲಸಕ್ಕಿದ್ದಾರೆ. ಸಂಸ್ಥೆಯ ಜೊತೆ ಜಗಳವಾದರೆ, ರಜೆಗೆ ಬಂದಾಗ ಫೈಲ್ ಹಿಡಿದು ಬರುತ್ತಾರೆ. ಇಲ್ಲಿನ ಹೈಕೋರ್ಟ್ ಪೀಠಕ್ಕೆ ಆ ಜಗಳ ಒಯ್ಯಲು ಆಗದು, ವಿಶ್ವಸಂಸ್ಥೆಗೆ ನಮ್ಮ ಕೋರ್ಟುಗಳಿಂದ ರಕ್ಷಣೆ ಕೊಡುವ 1947ರ ಕಾಯ್ದೆ ಅಡ್ಡ ಬರುತ್ತದೆ. ವಿಶ್ವಸಂಸ್ಥೆಗೆ ಅದರದ್ದೇ ಎರಡು ಹಂತದ ನ್ಯಾಯಮಂಡಳಿ 2009ರಿಂದ ಇದೆ.

ಆ ಪ್ರಶ್ನೆಗೆ ನನ್ನ ಉತ್ತರ ಒಂದೇ: ಇಲ್ರಿ, ತಾನಾಗಿಯೇ ಬರಲ್ಲ. ತಪ್ಪು ಆಗಿದ್ದನ್ನು ತೋರಿಸುವುದು ಒಂದು ಕೆಲಸ. ನಿಮಗೆ ಹಾನಿ ಆಗಿದ್ದನ್ನು ತೋರಿಸುವುದು ಇನ್ನೊಂದು. ಆ ತಪ್ಪಿನಿಂದಲೇ ಈ ಹಾನಿ ಆಯ್ತು ಅನ್ನುವುದು ಮೂರನೆಯದು. ಜನ ಮೊದಲನೆಯದಕ್ಕೆ ನಲವತ್ತು ಪುಟ ಬರೆಯುತ್ತಾರೆ, ಉಳಿದ ಎರಡಕ್ಕೆ "ಭಾಳ ನೊಂದೀನಿ" ಅಂತ ಒಂದು ಸಾಲು. 2014ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಈ ನ್ಯಾಯಮಂಡಳಿಗಳ ನಿಯಮವನ್ನೇ ತಿದ್ದಿದೆ: ಹಾನಿಗೆ ಸಾಕ್ಷ್ಯ ಇದ್ದರೆ ಮಾತ್ರ ಪರಿಹಾರ. ನೌಕರನ ಬಾಯಿಮಾತೊಂದೇ ಸಾಲದು, ಬೇರೆ ಆಧಾರ ಬೇಕು ಅಂತ ಅಲ್ಲಿನ ಎರಡನೇ ಹಂತದ ಮೇಲ್ಮನವಿ ಮಂಡಳಿ 2017ರಲ್ಲಿ ಹೇಳಿದೆ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿಯೂ ಈ ಹೊರೆಯನ್ನು ದೂರುದಾರನ ಮೇಲೇ ಹಾಕುತ್ತದೆ.

ಆಳಂದ ಕಡೆಯವರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಸಂಸ್ಥೆಯ ಹೆಸರು ಬೇಡ. ಅವರು ತಮ್ಮ ಮೇಲಧಿಕಾರಿಯ ಬಗ್ಗೆ ಒಂದು ತಾಸು ಹೇಳಿದರು. ನೋವಿನ ಬಗ್ಗೆ ಕೇಳಿದರೆ ಸುಮ್ನೆ ಕೂತರು. ಆಗ ಆಕೆ ಅಂದಳು: "ಇವ್ರು ರಾತ್ರಿ ಎರಡಕ್ಕ ನಂಗ ಫೋನ್ ಮಾಡಿ ಏನೂ ಮಾತಾಡ್ತಿರಲಿಲ್ರಿ. ಉಸಿರಷ್ಟೇ ಕೇಳ್ತಿತ್ತು." ಚೀಲದಿಂದ ಬಿಸ್ಕೀಟ್ ಡಬ್ಬಿ ತೆಗೆದಳು. ಒಳಗೆ ಖಾಲಿ ಗುಳಿಗೆ ಪಟ್ಟಿಗಳು, ನಾಲ್ಕಾಗಿ ಮಡಚಿದ ಡಾಕ್ಟರ ಚೀಟಿ.

ಚೀಟಿಯ ತಾರೀಖು ಸರಿಯಾಗಿತ್ತು, ಒಪ್ಪಂದ ಮುಂದುವರಿಸಲ್ಲ ಅಂತ ಪತ್ರ ಬಂದ ಮೂರನೇ ವಾರ. ಆದರೆ ಚೀಟಿಯಲ್ಲಿ ಇದ್ದದ್ದು "ನಿದ್ರೆ ಇಲ್ಲ, ಎದೆಬಡಿತ" ಅಷ್ಟೇ. ಯಾಕೆ ಅಂತ ಇರಲಿಲ್ಲ. ಡಾಕ್ಟರಿಗೆ ಹೇಳಲಿಲ್ವಾ ಅಂದೆ. "ನೌಕರಿ ಹೋಗ್ತದ ಅಂತ ಹೆಂಗ ಹೇಳ್ಲಿ ಮೇಡಂ, ಊರಾಗ ಗೊತ್ತಾಗ್ತದ."

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ನಮ್ಮ ಮಂದಿ ಮರ್ಯಾದೆಗೆ ಅಂಜಿ ಡಾಕ್ಟರ ಮುಂದೆಯೂ ಕಾರಣ ಮುಚ್ಚಿಡುತ್ತಾರೆ. ಆ ದಿನವೇ ಹೇಳಿ, ಬರೆಸಿಕೊಳ್ಳಿ. ವರ್ಷದ ಮೇಲೆ ಕೇಸಿಗೆಂದೇ ತಂದ ಸರ್ಟಿಫಿಕೇಟಿಗೆ ಅಷ್ಟು ತೂಕ ಇರಲ್ಲ. ತಂಗಿಗೆ ಕಳಿಸಿದ ವಾಟ್ಸಾಪ್ ಮೆಸೇಜು, ನಿಮ್ಮ ಸ್ಥಿತಿ ಕಂಡ ಸಹೋದ್ಯೋಗಿಯ ಮಾತು, ಇವೂ ನೆರವಾಗಬಹುದು. ಎಷ್ಟು ಅನ್ನುವುದು ಪ್ರತಿ ಕೇಸಿನ ಮೇಲೆ ಹೋಗುತ್ತದೆ, ನಾನು ಗ್ಯಾರಂಟಿ ಕೊಡಲಾರೆ. ಮೇಲಧಿಕಾರಿಗೆ ಬುದ್ಧಿ ಕಲಿಸುವಷ್ಟು ರೊಕ್ಕ ಸಿಗುತ್ತದೆ ಅಂತಲೂ ತಿಳಿಯಬೇಡಿ. ದಂಡದ ರೂಪದ ಪರಿಹಾರ ವಿಶ್ವಸಂಸ್ಥೆಯ ನ್ಯಾಯಮಂಡಳಿಗಳಲ್ಲಿ ಇಲ್ಲ. ಸಾಮಾನ್ಯ ಮಿತಿ ಎರಡು ವರ್ಷದ ನಿವ್ವಳ ಮೂಲವೇತನ.

ಆ ದಂಪತಿಯನ್ನು ಅದೇ ಡಾಕ್ಟರ ಬಳಿ ಕಳಿಸಿದೆ, ಅವರ ರಿಜಿಸ್ಟರಿನಲ್ಲಿ ಬೇರೇನಾದರೂ ಬರೆದಿದ್ದಾರಾ ನೋಡಿ ಬನ್ನಿ ಅಂತ. ಫೋನ್ ಬಂದ ರಾತ್ರಿಗಳ ಬಗ್ಗೆ ಹೆಂಡತಿಯ ಹೇಳಿಕೆಯನ್ನು ಅವತ್ತೇ ಬರೆದುಕೊಂಡೆ, ಕಾಲ್ ಲಿಸ್ಟಿನ ತಾರೀಖು ಸಮೇತ.