ಅಪ್ಪ ಕಟ್ಟಿದ ಗೆಜ್ಜೆ, ಅಮ್ಮ ಹಾಕಿದ ಷರತ್ತು: ಬಿ. ಸರೋಜಾದೇವಿ ನಾಯಕಿಯಾದ ಬಗೆ

ಕುಣಿದು ಕುಣಿದು ಹುಡುಗಿಯ ಕಾಲು ಊದಿಕೊಂಡಿರುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು ಪಾದ ನೀವುತ್ತಿದ್ದರು. ಕುಣಿಯುವ ಮೊದಲು ಆ ಕಾಲಿಗೆ ಗೆಜ್ಜೆ ಕಟ್ಟಿದ್ದೂ ಅವರೇ. ಹೆಸರು ಭೈರಪ್ಪ, ಕೆಲಸ ಪೊಲೀಸ್ ಇಲಾಖೆಯಲ್ಲಿ. ಹುಡುಗಿ ಮುಂದೆ ನಾಲ್ಕು ಭಾಷೆಗಳಲ್ಲಿ ಹೆಸರು ಮಾಡಿದ ಬಿ. ಸರೋಜಾದೇವಿ.

ಇದರಲ್ಲೇನು ವಿಶೇಷ ಅಂತ ಇವತ್ತು ಅನ್ನಿಸಬಹುದು. ಈಗ ಮಕ್ಕಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬರುವ ಅಪ್ಪಂದಿರು ಬೀದಿಗೊಬ್ಬರಿದ್ದಾರೆ. ಆದರೆ ಇದು 1950ರ ದಶಕದ ಶುರುವಿನ ಮಾತು. ಒಕ್ಕಲಿಗರ ಮನೆಯ ಸರ್ಕಾರಿ ನೌಕರರೊಬ್ಬರು ಮಗಳ ಕೈ ಹಿಡಿದು ಸ್ಟುಡಿಯೋಗೆ ಹೋಗುವುದು ಸುಮ್ನೆ ಆಗುವ ಕೆಲಸವಾಗಿರಲಿಲ್ಲ. ಅದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಅದರ ನಾಯಕಿ ತ್ರಿಪುರಾಂಬ ರಂಗಭೂಮಿಯಿಂದ ಬಂದವರು. ಅವರ ನಂತರವೂ ಬಹಳ ಕಾಲ ಹಾಗೇ ನಡೆಯಿತು. ಬಿ. ಜಯಮ್ಮ ಗುಬ್ಬಿ ಕಂಪನಿಯವರು. ಪಂಡರಿಬಾಯಿ ಹರಿಕಥೆ, ನಾಟಕಗಳಲ್ಲಿ ಪಳಗಿದವರು. ಲೀಲಾವತಿಯವರೂ ನಾಟಕದಿಂದಲೇ ಬಂದರು. ಅಂದರೆ ಕನ್ನಡ ಚಿತ್ರರಂಗಕ್ಕೆ ನಾಯಕಿಯರನ್ನು ಕೊಟ್ಟಿದ್ದು ಕಂಪನಿ ನಾಟಕಗಳು. ಸಭಿಕರ ಎದುರು ನಿಂತು ಹಾಡಿ, ಮಾತಾಡಿ ಗೊತ್ತಿದ್ದ ಹೆಣ್ಣುಮಕ್ಕಳು ಸಿಗುತ್ತಿದ್ದುದು ಅಲ್ಲೇ. ಉಳಿದ ಮನೆಗಳಲ್ಲಿ ‘ಸಿನಿಮಾ’ ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾಟಕದ ಹೆಣ್ಣುಮಕ್ಕಳ ಬಗ್ಗೆ ಜನ ಆಡುತ್ತಿದ್ದ ಹಗುರ ಮಾತು ತಮ್ಮ ಮಗಳಿಗೂ ಅಂಟೀತು ಎಂಬ ಭಯ. ಅವರ ದುಡಿಮೆಗೆ ನಾವು ಕೊಡಬೇಕಾದ ಗೌರವ ಇನ್ನೂ ಬಾಕಿ ಇದೆ ಅಂತಲೇ ನನಗನ್ನಿಸುತ್ತದೆ.

ಇನ್ನೊಂದು ತೊಡಕು ದೂರದ್ದು. ‘ಸತಿ ಸುಲೋಚನ’ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆಮೇಲೆ ಕನ್ನಡ ಸಿನಿಮಾದ ಕೆಲಸವೆಲ್ಲ ಜಾಸ್ತಿ ನಡೆದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಶುರುವಾದದ್ದು 1954ರಲ್ಲಿ. ಕನ್ನಡದಲ್ಲಿ ನಾಯಕಿಯಾಗಬೇಕು ಅಂದರೆ ಹುಡುಗಿ ಕನ್ನಡ ನಾಡು ಬಿಟ್ಟು ಹೋಗಬೇಕಿತ್ತು. ಒಬ್ಬಳೇ ಹೋಗುವ ಹಾಗಿಲ್ಲ. ಮನೆಯವರು ಯಾರಾದರೂ ಜೊತೆಗಿರಬೇಕು.

ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ಭೈರಪ್ಪ, ರುದ್ರಮ್ಮ ದಂಪತಿಯ ನಾಲ್ಕನೇ ಮಗಳು. ನಾಲ್ಕನೆಯದೂ ಹೆಣ್ಣೇ ಆಯಿತಲ್ಲ, ದತ್ತು ಕೊಟ್ಟುಬಿಡು ಅಂತ ತಾತ ಮಾಯಣ್ಣಗೌಡರು ಹೇಳಿದ್ದರಂತೆ. ಭೈರಪ್ಪ ಒಪ್ಪಲಿಲ್ಲ. ಆ ಒಂದು ‘ಆಗಲ್ಲ’ ಮಾತಿನ ಮುಂದೆ ನನಗೆ ಯಾವಾಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಮಗಳಿಗೆ ನೃತ್ಯ ಕಲಿಸಿದ್ದೂ, ನಟಿಸು ಅಂತ ಹುರಿದುಂಬಿಸಿದ್ದೂ ಅವರೇ.

ಹದಿಮೂರು ವರ್ಷದ ಸರೋಜ ಒಂದು ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಹೊನ್ನಪ್ಪ ಭಾಗವತರು ಕೇಳಿದರು. ನೆಲಮಂಗಲದ ಕಡೆಯ ಭಾಗವತರು ಆ ಹೊತ್ತಿಗೆ ರಂಗಭೂಮಿಯಲ್ಲೂ ತಮಿಳು ಸಿನಿಮಾದಲ್ಲೂ ದೊಡ್ಡ ಹೆಸರು. 1955ರಲ್ಲಿ ಅವರೇ ನಿರ್ಮಿಸಿ ನಟಿಸಿದ ‘ಮಹಾಕವಿ ಕಾಳಿದಾಸ’ದಲ್ಲಿ ಹುಡುಗಿಗೆ ಪಾತ್ರ ಸಿಕ್ಕಿತು. ಆಗ ವಯಸ್ಸು ಹದಿನೇಳು.

ಮನೆ ಒಪ್ಪಿತು, ಆದರೆ ಷರತ್ತಿನ ಮೇಲೆ. ಷರತ್ತು ಹಾಕಿದವರು ಅಮ್ಮ ರುದ್ರಮ್ಮ. ಈಜುಡುಗೆ ಹಾಕಬಾರದು. ತೋಳಿಲ್ಲದ ರವಿಕೆ ತೊಡಬಾರದು. ಎರಡೇ ಮಾತು. ಮುಂದೆ ಹಿಂದಿ ಸಿನಿಮಾಕ್ಕೆ ಹೋದರೂ, ದೊಡ್ಡ ದೊಡ್ಡ ಬ್ಯಾನರ್‌ಗಳು ಕರೆದರೂ ಮಗಳು ಈ ಗೆರೆ ದಾಟಲಿಲ್ಲ. ಅವರ ಹಳೇ ಫೋಟೋಗಳನ್ನು ಒಮ್ಮೆ ನೋಡಿ. ರವಿಕೆಯ ತೋಳು ಗಿಡ್ಡವಾಗಿರಬಹುದು, ಪಫ್ ಇರಬಹುದು, ಆದರೆ ತೋಳಂತೂ ಇದ್ದೇ ಇರುತ್ತದೆ. ಇದನ್ನು ಬರೀ ಕಟ್ಟುಪಾಡು ಅಂತ ನೋಡುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೆಂಟರಿಷ್ಟರ ಬಾಯಿಗೆ ಉತ್ತರ ಕೊಡಬೇಕಿದ್ದ ತಾಯಿಯೊಬ್ಬರು ಮಗಳಿಗೆ ದಾರಿ ಬಿಡಿಸಿದ ರೀತಿ ಅದು. ಆ ಎರಡು ಷರತ್ತು ಇಲ್ಲದೇ ಹೋಗಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲವೇನೋ.

ಆಮೇಲಿನ ಆರು ವರ್ಷ ಮಾತ್ರ ಓಡಿದ ಹಾಗೆ ಕಳೆಯಿತು. 1956ರಲ್ಲಿ ಕೆ. ಸುಬ್ರಹ್ಮಣ್ಯಂ ನಿರ್ದೇಶನದ ‘ಕಚ ದೇವಯಾನಿ’. 1957ರಲ್ಲಿ ಎನ್.ಟಿ. ರಾಮರಾವ್ ಜೊತೆ ತೆಲುಗಿನ ‘ಪಾಂಡುರಂಗ ಮಹಾತ್ಮ್ಯಂ’. ಅದೇ ವರ್ಷ ತಮಿಳು ಚಿತ್ರವೊಂದರಲ್ಲಿ ಒಂದು ನೃತ್ಯ. 1958ರಲ್ಲಿ ‘ನಾಡೋಡಿ ಮನ್ನನ್’ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಂ.ಜಿ. ರಾಮಚಂದ್ರನ್ ತಾವೇ ದುಡ್ಡು ಹಾಕಿ, ತಾವೇ ನಿರ್ದೇಶಿಸಿದ ಸಿನಿಮಾ ಅದು. ಚಿತ್ರ ಶುರುವಾಗುವುದು ಕಪ್ಪು-ಬಿಳುಪಿನಲ್ಲಿ. ಕೊನೆಯ ಭಾಗಕ್ಕೆ ಬರುವಾಗ ತೆರೆ ಬಣ್ಣಕ್ಕೆ ತಿರುಗುತ್ತದೆ. ಸರೋಜಾದೇವಿ ರಾಜಕುಮಾರಿಯಾಗಿ ಕಾಣಿಸಿಕೊಳ್ಳುವುದು ಆ ದ್ವಿತೀಯಾರ್ಧದಲ್ಲಿ. ಟಾಕೀಸಿನ ಕತ್ತಲೆಯಲ್ಲಿ ಎರಡು ಗಂಟೆ ಬೂದು ಬಣ್ಣ ನೋಡಿ ಕೂತ ಜನಕ್ಕೆ ಬಣ್ಣವೂ ಹೊಸ ಮುಖವೂ ಹೆಚ್ಚುಕಡಿಮೆ ಒಟ್ಟಿಗೇ ಸಿಕ್ಕವು. ಆ ಅಚ್ಚರಿ ಹೇಗಿದ್ದಿರಬಹುದು ಅಂತ ಊಹಿಸಿಕೊಂಡರೇ ಖುಷಿಯಾಗುತ್ತದೆ. ಸಿನಿಮಾ ಭಾರಿ ಗೆದ್ದಿತು. ಮುಂದೆ ಎಂಜಿಆರ್ ಜೊತೆ ಒಟ್ಟು 26 ಚಿತ್ರಗಳಲ್ಲಿ ನಟಿಸಿದರು. ತಮಿಳರು ಅವರಿಗೆ ‘ಕನ್ನಡತ್ತು ಪೈಂಗಿಳಿ’ ಅಂತ ಹೆಸರಿಟ್ಟರು. ಕನ್ನಡದ ಹಸಿರು ಗಿಳಿ. ಬೇರೆ ನಾಡಿಗೆ ಹೋದವರು ಊರಿನ ಗುರುತು ಮುಚ್ಚಿಡುವುದೇ ಜಾಸ್ತಿ, ಅಲ್ವಾ? ಇವರಿಗೆ ಅಲ್ಲಿನ ಜನ ಪ್ರೀತಿಯಿಂದ ಕೊಟ್ಟ ಹೆಸರಿನಲ್ಲೇ ಕನ್ನಡ ಸೇರಿಕೊಂಡಿತ್ತು.

1959ರಲ್ಲಿ ಶ್ರೀಧರ್ ಅವರ ‘ಕಲ್ಯಾಣ ಪರಿಸು’. ಅದೇ ವರ್ಷ ಹಿಂದಿಯ ‘ಪೈಗಾಮ್’, ಜೊತೆಗೆ ದಿಲೀಪ್ ಕುಮಾರ್. ಇನ್ನೂ ಇಪ್ಪತ್ತೊಂದು ವಯಸ್ಸು.

ಇಷ್ಟೆಲ್ಲ ಆದ ಮೇಲೆ ಅವರು ಕನ್ನಡಕ್ಕೆ ಕೊಟ್ಟ ಪಾತ್ರವೇ ನಮ್ಮ ಮನೆಗಳಲ್ಲಿ ಇವತ್ತಿಗೂ ಉಳಿದಿರುವುದು. 1961ರ ‘ಕಿತ್ತೂರು ಚೆನ್ನಮ್ಮ’. ನಿರ್ದೇಶನ ಬಿ.ಆರ್. ಪಂತುಲು, ಮಲ್ಲಸರ್ಜನಾಗಿ ರಾಜ್‌ಕುಮಾರ್. ನಾನು ಅದನ್ನು ನೋಡಿದ್ದು ದೂರದರ್ಶನದಲ್ಲಿ, ಪಕ್ಕದ ಮನೆಯ ನಡುಮನೆಯಲ್ಲಿ, ಚಾಪೆ ಮೇಲೆ ಕೂತು. ಕಪ್ಪದ ಮಾತೆತ್ತಿದವರಿಗೆ ರಾಣಿ ತಿರುಗಿ ಉತ್ತರ ಕೊಡುವಾಗ ಗುಜುಗುಜು ಅನ್ನುತ್ತಿದ್ದ ಹೆಂಗಸರೆಲ್ಲ ಸುಮ್ಮನಾದರು. ನಮ್ಮಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಸರೋಜಾದೇವಿಯವರ ತೆಳು ದನಿ ಪ್ರೇಮದ ದೃಶ್ಯಗಳಿಗೆ ಹೇಳಿ ಮಾಡಿಸಿದಂಥದ್ದು. ಅದೇ ದನಿಯಲ್ಲಿ ಅವರು ಅಷ್ಟು ಸಿಟ್ಟು ತಂದದ್ದು ಹೇಗೆ ಅಂತ ನನಗೆ ಈಗಲೂ ಬೆರಗು. ಮೂರು ವರ್ಷದ ಮೇಲೆ ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದಾಗ ಅದರ ನಾಯಕಿಯೂ ಅವರೇ.

ಮದುವೆಯಾದ ಕೂಡಲೇ ನಾಯಕಿಯ ಕೆಲಸ ಮುಗಿಯಿತು ಅನ್ನುವ ಕಾಲ ಅದು. 1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರ ಜೊತೆ ಮದುವೆಯಾಯಿತು. ನಟನೆ ನಿಲ್ಲಲಿಲ್ಲ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಮಲ್ಲಮ್ಮನ ಪವಾಡ’ ಬಂತು, ಅದೇ ವರ್ಷ ಪದ್ಮಶ್ರೀಯೂ ಬಂತು. 1992ರಲ್ಲಿ ಪದ್ಮಭೂಷಣ. ಕೊನೆಗೆ ಕಾಣಿಸಿಕೊಂಡದ್ದು 2019ರಲ್ಲಿ, ಪುನೀತ್ ರಾಜ್‌ಕುಮಾರ್ ಅವರ ‘ನಟಸಾರ್ವಭೌಮ’ದಲ್ಲಿ.

2025ರ ಜುಲೈ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ. ಮರುದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರಕ್ಕೆ ಕರೆದೊಯ್ದರು. ಮಣ್ಣು ಮಾಡಿದ್ದು ಅಲ್ಲಿನ ತೋಟದಲ್ಲಿ, ಅಮ್ಮ ರುದ್ರಮ್ಮನವರ ಸಮಾಧಿಯ ಪಕ್ಕದಲ್ಲಿ.