ದುಡ್ಡು ಹಳೆಯದು, ರಸೀದಿ ಹೊಸದು

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ಅಭಿಮಾನಿಗಳಿಗೆ ಒಂದು ವಿಷಯ ತಿಳಿಸಿತು. ಮುಂದಿನ ವರ್ಷದಿಂದ ಸೀಸನ್ ಟಿಕೆಟ್ ಮೇಲೆ ಶೇ 10ರಷ್ಟು 'ಟ್ಯಾಲೆಂಟ್ ಫೀ' ಬೀಳುತ್ತದೆ. ಆಟಗಾರರಿಗೆ ಕೊಡಬೇಕಾದ ದುಡ್ಡಿಗೆ ಅಂತ ಟಿಕೆಟ್‌ನಲ್ಲೇ ಪ್ರತ್ಯೇಕವಾಗಿ ತೋರಿಸಿ ವಸೂಲಿ ಮಾಡುವುದು! ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಸುವ ನೇಲ್ಯಾಂಡ್ ಸ್ಟೇಡಿಯಂನಲ್ಲಿ ಎಷ್ಟೋ ವರ್ಷಗಳಿಂದ ಸೀಟು ಉಳಿಸಿಕೊಂಡು ಬಂದ ಮನೆತನಗಳಿವೆ. ಕೆಲವರು ಗೊಣಗಿದರು, ಕೆಲವರು 'ಗೆದ್ದರೆ ಸಾಕು' ಅಂದರು.

ಮುಂದಿನ ಏಪ್ರಿಲ್‌ನಲ್ಲಿ ಅದೇ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ನಿಕೋ ಇಯಾಮಲಿಯಾವ ಅಭ್ಯಾಸಕ್ಕೇ ಬರಲಿಲ್ಲ. ಮರುದಿನ ತಂಡದ ವಸಂತಕಾಲದ ಪ್ರದರ್ಶನ ಪಂದ್ಯ. ಹೈಸ್ಕೂಲಿನಲ್ಲಿ ಇದ್ದಾಗಲೇ ಅವರ ಜೊತೆ ಸುಮಾರು 80 ಲಕ್ಷ ಡಾಲರ್‌ನ ಒಪ್ಪಂದ ಆಗಿತ್ತು ಅಂತ ಹಿಂದೆಯೇ ವರದಿಯಾಗಿತ್ತು. ಈಗ ಇನ್ನೂ ಜಾಸ್ತಿ ಕೇಳುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಕೋಚ್ ಜಾಶ್ ಹೈಪಲ್ ಕಾಯಲಿಲ್ಲ, ತಂಡಕ್ಕಿಂತ ಯಾರೂ ದೊಡ್ಡವರಲ್ಲ ಅಂತ ಹೇಳಿ ಮುಂದಕ್ಕೆ ಹೋದರು. ನಿಕೋ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ ಸೇರಿದರು. ಅಲ್ಲಿ ಜಾಗ ಕಳೆದುಕೊಂಡ ಜೋಯಿ ಅಗಿಲಾರ್ ಟೆನೆಸಿಗೆ ಬಂದರು. ಎರಡು ತಂಡಗಳು ಕ್ವಾರ್ಟರ್‌ಬ್ಯಾಕ್ ಅದಲುಬದಲು ಮಾಡಿಕೊಂಡ ಹಾಗಾಯಿತು. ಇಬ್ಬರೂ ಕಾಲೇಜು ಹುಡುಗರು ಅನ್ನುವುದನ್ನು ನೆನಪಿಡಿ.

ಈಗ ಎಲ್ಲಿ ನಾಲ್ಕು ಅಭಿಮಾನಿಗಳು ಸೇರಿದರೂ ಒಂದೇ ಮಾತು: ದುಡ್ಡು ಬಂತು, ಕಾಲೇಜು ಫುಟ್‌ಬಾಲ್ ಕೆಟ್ಟಿತು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಇತಿಹಾಸ ತಿರುವಿದರೆ ಈ ಮಾತು ನಿಲ್ಲುವುದಿಲ್ಲ. ದುಡ್ಡು ಮೊದಲಿನಿಂದಲೂ ಇತ್ತು. ಈಗ ಬದಲಾಗಿರುವುದು ಅದು ಯಾರ ಕೈಗೆ ಹೋಗುತ್ತದೆ ಅನ್ನುವುದು, ಮತ್ತು ಅಭಿಮಾನಿಗೆ ಅದರ ಲೆಕ್ಕ ಕಣ್ಣಿಗೆ ಕಾಣುತ್ತದೆ ಅನ್ನುವುದು.

ಎಷ್ಟು ಮೊದಲಿನಿಂದ? ಅಮೆರಿಕದಲ್ಲಿ ಎರಡು ಕಾಲೇಜುಗಳು ಮೊದಲ ಬಾರಿ ಎದುರಾದದ್ದು 1852ರಲ್ಲಿ, ಹಾರ್ವರ್ಡ್ ಮತ್ತು ಯೇಲ್ ನಡುವಿನ ದೋಣಿ ಪಂದ್ಯದಲ್ಲಿ. ನ್ಯೂ ಹ್ಯಾಂಪ್‌ಶೈರ್‌ನ ಒಂದು ಸರೋವರದಲ್ಲಿ ನಡೆಯಿತು. ಹುಡುಗರ ಖರ್ಚು ನೋಡಿಕೊಂಡದ್ದು ರೈಲ್ವೆ ಕಂಪನಿ. ಯಾಕೆ? ರೈಲು ಹತ್ತಿ ಆ ಕಡೆ ಜನ ಬರಲಿ ಅಂತ. ಪಂದ್ಯ ಹುಟ್ಟಿದ ದಿನವೇ ಪ್ರಾಯೋಜಕರೂ ಹುಟ್ಟಿದರು ಅನ್ನಿ.

ಫುಟ್‌ಬಾಲ್ ಬಂದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಬರಬರುತ್ತಾ ಆಟ ಎಷ್ಟು ಒರಟಾಯಿತು ಅಂದರೆ ಹುಡುಗರು ಮೈದಾನದಲ್ಲೇ ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಅದರ ಬೆನ್ನಿಗೇ ಹುಟ್ಟಿದ, ಕಾಲೇಜು ಕ್ರೀಡೆಗಳಿಗೆ ನಿಯಮ ಮಾಡುವ ಸಂಘಟನೆ 1910ರಲ್ಲಿ ಎನ್‌ಸಿಎಎ ಅನ್ನುವ ಹೆಸರು ಪಡೆಯಿತು. ಜೀವ ಉಳಿಸಲು ಹುಟ್ಟಿದ ಸಂಸ್ಥೆ ನಿಧಾನಕ್ಕೆ ದುಡ್ಡಿನ ಕಾವಲಿಗೆ ನಿಂತಿತು. ಅದರ ಮುಖ್ಯ ನಿಯಮ ಒಂದೇ: ಆಡುವ ವಿದ್ಯಾರ್ಥಿ ಆಟದಿಂದ ಕಾಸು ಮಾಡಿಕೊಳ್ಳಬಾರದು.

ನಿಯಮ ಇತ್ತು, ಪಾಲನೆ ಇರಲಿಲ್ಲ. 1929ರಲ್ಲಿ ಕಾರ್ನೆಗಿ ಫೌಂಡೇಶನ್ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಬಹುಪಾಲು ಕಾಲೇಜುಗಳು ಒಂದಲ್ಲ ಒಂದು ರೀತಿಯಲ್ಲಿ ಆಟಗಾರರಿಗೆ ದುಡ್ಡು ಮುಟ್ಟಿಸುತ್ತಿದ್ದವು. 1948ರಲ್ಲಿ ಬಿಗಿ ನಿಯಮ ಬಂತು. ಅದನ್ನು ಮುರಿದ ಏಳು ಕಾಲೇಜುಗಳನ್ನು ಹೊರಹಾಕಲು 1950ರಲ್ಲಿ ಮತಕ್ಕೆ ಹಾಕಿದರೆ, ಬೇಕಾದಷ್ಟು ಮತವೇ ಬೀಳಲಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಅಲ್ವಾ? ಕೊನೆಗೆ 1956ರಲ್ಲಿ ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡಬಹುದು ಅಂತ ಒಪ್ಪಿಕೊಂಡರು. ಫೀಸು, ಊಟ, ವಸತಿ, ಪುಸ್ತಕ. ಅಷ್ಟೇ.

ಅದೇ ಹೊತ್ತಿಗೆ ಇನ್ನೊಂದು ತಕರಾರು ಎದ್ದಿತ್ತು. ಕೊಲರಾಡೋದ ಒಬ್ಬ ಆಟಗಾರ 1955ರಲ್ಲಿ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ಹೆಂಡತಿ ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದರು. ಅವನು ಕೆಲಸಗಾರ ಅಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ಕಾಲದಲ್ಲಿ 'ಸ್ಟೂಡೆಂಟ್ ಅಥ್ಲೀಟ್' ಅನ್ನುವ ಪಟ್ಟ ಕಡ್ಡಾಯವಾಗಿ ಬಳಕೆಗೆ ಬಂದದ್ದು ಇಂಥ ಕೇಸುಗಳಿಗೆ ಹೆದರಿಯೇ. ವಿದ್ಯಾರ್ಥಿ ಅಂದಮೇಲೆ ಸಂಬಳವೂ ಇಲ್ಲ, ಪರಿಹಾರವೂ ಇಲ್ಲ. ಈ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ ಬೈಯರ್ಸ್ ಅವರೇ ನಿವೃತ್ತಿಯಾದ ಮೇಲೆ ಇದನ್ನು ಕಟುವಾಗಿ ಟೀಕಿಸಿದರು. ನಿವೃತ್ತಿ ಆದಮೇಲೆ ಬರುವ ಧೈರ್ಯ ನಮಗೇನೂ ಹೊಸದಲ್ಲ ಬಿಡಿ.

ಟಿವಿ ದುಡ್ಡು ಬಂದಮೇಲೆ ಕತೆಯೇ ಬೇರೆ. ಯಾವ ಪಂದ್ಯ ಟಿವಿಯಲ್ಲಿ ಬರಬೇಕು ಅಂತ ಎನ್‌ಸಿಎಎ ತಾನೇ ತೀರ್ಮಾನಿಸುತ್ತಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಹಿಡಿತ ತಪ್ಪಿಸಿತು. ಕಾಲೇಜುಗಳು ಮತ್ತು ಅವುಗಳ ಕೂಟಗಳು ತಾವೇ ಟಿವಿಯವರ ಜೊತೆ ವ್ಯಾಪಾರ ಕುದುರಿಸಿದವು. ಈಗ ಬಿಗ್ ಟೆನ್ ಅನ್ನುವ ಒಂದೇ ಕೂಟದ ಏಳು ವರ್ಷದ ಟಿವಿ ಒಪ್ಪಂದ 700 ಕೋಟಿ ಡಾಲರ್ ದಾಟಿದೆ. ಆದರೆ ಅದೇ 1984ರ ತೀರ್ಪಿನಲ್ಲಿ ಆಟಗಾರರಿಗೆ ದುಡ್ಡು ಕೊಡಬಾರದು ಅನ್ನುವ ಅರ್ಥದ ಒಂದು ಮಾತೂ ಇತ್ತು. ಮುಂದಿನ ಮೂವತ್ತೇಳು ವರ್ಷ ಎನ್‌ಸಿಎಎ ವಕೀಲರು ಆ ಮಾತನ್ನೇ ಹಿಡಿದುಕೊಂಡು ಕೋರ್ಟು ಹತ್ತಿದರು.

ಆ ಮೂವತ್ತೇಳು ವರ್ಷದಲ್ಲಿ ನಡೆದ ಕೆಲವು ಸಂಗತಿ ಕೇಳಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಡಲ್ಲಾಸ್‌ನ ಎಸ್‌ಎಂಯು ತಂಡದ ಶ್ರೀಮಂತ ಅಭಿಮಾನಿಗಳು ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು. 1987ರಲ್ಲಿ ಎನ್‌ಸಿಎಎ ಆ ತಂಡದ ಇಡೀ ಸೀಸನ್ನನ್ನೇ ರದ್ದು ಮಾಡಿತು. ದುಡ್ಡು ಕೊಡುವುದನ್ನು ಮುಂದುವರಿಸಿದ ನಿರ್ಧಾರದಲ್ಲಿ ತಾನೂ ಇದ್ದೆ ಅಂತ ಒಪ್ಪಿಕೊಂಡವರು ಯಾರು ಗೊತ್ತಾ? ಟೆಕ್ಸಸ್ ಗವರ್ನರ್ ಬಿಲ್ ಕ್ಲೆಮೆಂಟ್ಸ್. ಅವರು ಹಿಂದೆ ಆ ವಿಶ್ವವಿದ್ಯಾಲಯದ ಮಂಡಳಿ ಅಧ್ಯಕ್ಷರಾಗಿದ್ದರು. 2010ರಲ್ಲಿ ಜಾರ್ಜಿಯಾದ ಎ.ಜೆ. ಗ್ರೀನ್ ತಾನೇ ತೊಟ್ಟು ಆಡಿದ ಒಂದು ಜೆರ್ಸಿಯನ್ನು ಸಾವಿರ ಡಾಲರ್‌ಗೆ ಮಾರಿದ್ದಕ್ಕೆ ನಾಲ್ಕು ಪಂದ್ಯ ಹೊರಗೆ ಕೂತರು. ಆಗಲೂ ಕಾಲೇಜಿನ ಅಂಗಡಿಯಲ್ಲಿ ಅವರ 8ನೇ ನಂಬರ್ ಜೆರ್ಸಿ ಮಾರಾಟಕ್ಕಿತ್ತು.

ಬೇಗಲ್ ಕತೆ ಇದಕ್ಕಿಂತ ಚೆನ್ನಾಗಿದೆ. ಬೇಗಲ್ ಅಂದರೆ ದಪ್ಪ ಕೋಡುಬಳೆಯಂತೆ ನಡುವೆ ತೂತಿರುವ ಬ್ರೆಡ್. ತಂಡದವರು ಆಟಗಾರರಿಗೆ ತಿಂಡಿ ಅಂತ ಬರೀ ಬೇಗಲ್ ಕೊಡಬಹುದಿತ್ತು. ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ? ಅದು ಊಟ. ಊಟ ಅಂದರೆ ಹೆಚ್ಚುವರಿ ಸವಲತ್ತು, ಸವಲತ್ತು ಅಂದರೆ ನಿಯಮ ಭಂಗ! 2013ರವರೆಗೂ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಥ ನಿಯಮಗಳ ಲೆಕ್ಕ ಇಡಲು ಸಂಬಳ ಕೊಟ್ಟು ಜನ ಇಟ್ಟುಕೊಂಡಿದ್ದರು. ಮರುವರ್ಷ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಅಂತ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಕೆಲವೇ ದಿನದಲ್ಲಿ ಊಟದ ಮಿತಿ ಹೋಯಿತು.

ಕೋಟೆ ಒಡೆದದ್ದು ವಿಡಿಯೋ ಗೇಮ್‌ನಿಂದ. ಯುಸಿಎಲ್‌ಎ ತಂಡದ ಹಳೆಯ ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒ'ಬ್ಯಾನನ್ ಗೆಳೆಯರೊಬ್ಬರ ಮನೆಗೆ ಹೋಗಿದ್ದಾಗ, ಆ ಮನೆಯ ಹುಡುಗ ಆಡುತ್ತಿದ್ದ ಗೇಮ್‌ನಲ್ಲಿ ತನ್ನನ್ನೇ ನೋಡಿದರು. ಎಡಗೈ ಆಟ, 31ನೇ ನಂಬರ್, ಅದೇ ಮೈಕಟ್ಟು. ಹೆಸರು ಮಾತ್ರ ಇಲ್ಲ, ದುಡ್ಡೂ ಇಲ್ಲ. 2009ರಲ್ಲಿ ಕೇಸು ಹಾಕಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರ ಪರ ತೀರ್ಪು ಕೊಟ್ಟರು. ಈ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ಸಂಪಾದಿಸಬಹುದು ಅಂತ ಕಾನೂನೇ ಮಾಡಿತು. 2021ರ ಜೂನ್ 21ರಂದು, ಆಟಗಾರರ ಸವಲತ್ತಿಗೆ ಹಾಕಿದ್ದ ಮಿತಿಯನ್ನು ಪ್ರಶ್ನಿಸಿದ ಆಲ್ಸ್ಟನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಎನ್‌ಸಿಎಎ ವಿರುದ್ಧ ನಿಂತರು. ಹತ್ತು ದಿನದಲ್ಲಿ, ಜುಲೈ 1ಕ್ಕೆ, ಎನ್‌ಸಿಎಎ ಬಾಗಿಲು ತೆರೆಯಿತು. ಇದನ್ನೇ ಎನ್‌ಐಎಲ್ ಅನ್ನುವುದು: ಆಟಗಾರನ ಹೆಸರು, ಚಿತ್ರ, ಚಹರೆ ಬಳಸಿದರೆ ಕಾಸು ಕೊಡಿ.

ಶುರುವಿನ ಒಪ್ಪಂದಗಳು ಮುದ್ದಾಗಿದ್ದವು. ನೆಬ್ರಾಸ್ಕಾ ಸೇರಿದ ಒಬ್ಬ ಆಟಗಾರನ ಹೆಸರು ಡಿಕೋಲ್ಡೆಸ್ಟ್ ಕ್ರಾಫರ್ಡ್. ಅಲ್ಲಿನ ಒಂದು ಏಸಿ ಕಂಪನಿ ಬಿಡುತ್ತದಾ? ಹಿಡಿದು ಜಾಹೀರಾತು ಮಾಡಿಸಿತು. ಯೂಟಾದ ಬಿವೈಯು ತಂಡದಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ಆಡುತ್ತಿದ್ದ ಹುಡುಗರ ಫೀಸಿನಷ್ಟು ದುಡ್ಡನ್ನು ಒಂದು ಪ್ರೋಟೀನ್ ಬಾರ್ ಕಂಪನಿ ಕೊಟ್ಟಿತು. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಶುರುವಾದದ್ದು 'ಕಲೆಕ್ಟಿವ್' ಬಂದಮೇಲೆ. ಮೊದಲು ಗುಟ್ಟಾಗಿ ದುಡ್ಡು ಕೊಡುತ್ತಿದ್ದ ಶ್ರೀಮಂತರು ಈಗ ಬೋರ್ಡು ಹಾಕಿಕೊಂಡು ಸಂಸ್ಥೆ ಮಾಡಿದರು. ತಿಂಗಳಿಗೆ ಇಷ್ಟು ಅಂತ ಸಾಮಾನ್ಯ ಅಭಿಮಾನಿಗಳಿಂದಲೂ ಚಂದಾ ಎತ್ತಿದರು. ಆ ದುಡ್ಡು ಹೆಸರಿಗೆ ಜಾಹೀರಾತು, ಅಸಲಿಗೆ ಸಂಬಳ. ಜೊತೆಗೆ ತಂಡ ಬದಲಿಸುವ ನಿಯಮವೂ ಸಡಿಲವಾಯಿತು. 2021ರಲ್ಲಿ ಒಂದು ಸಲ ಬದಲಿಸಿದರೆ ಒಂದು ವರ್ಷ ಕೂರುವ ಶಿಕ್ಷೆ ಹೋಯಿತು. 2024ರ ಹೊತ್ತಿಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. ನನ್ನ ಪ್ರಕಾರ ಅಭಿಮಾನಿಗಳನ್ನು ಕಂಗೆಡಿಸಿದ್ದು ದುಡ್ಡೊಂದೇ ಅಲ್ಲ, ಈ ಎರಡೂ ಒಟ್ಟಿಗೇ ಬಂದದ್ದು. ನಾಲ್ಕು ವರ್ಷ ಕಣ್ಣೆದುರು ಬೆಳೆಯುತ್ತಿದ್ದ ನಮ್ಮ ಹುಡುಗ ಈಗ ಪ್ರತಿ ವರ್ಷ ಹೊಸ ದರಕ್ಕೆ ಸಿಗುವವನಾದ. 2024ರಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ವಿಶ್ವವಿದ್ಯಾಲಯದ ತಂಡ ಮೂರಕ್ಕೆ ಮೂರೂ ಗೆದ್ದಿದ್ದಾಗ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಸೀಸನ್ ಮಧ್ಯದಲ್ಲೇ ಎದ್ದು ಹೊರಟರು. ಒಂದು ಲಕ್ಷ ಡಾಲರ್ ಕೊಡುವುದಾಗಿ ಹೇಳಿ ಕೊಡಲಿಲ್ಲ ಅನ್ನುವುದು ಅವರ ಕಡೆಯವರ ದೂರು. ವಿಶ್ವವಿದ್ಯಾಲಯ ಒಪ್ಪಲಿಲ್ಲ. ಬರವಣಿಗೆಯಲ್ಲಿ ಇಲ್ಲದ ಮಾತಿಗೆ ಸಾಕ್ಷಿ ಎಲ್ಲಿ ತರುವುದು?

ಈ ಗೊಂದಲಕ್ಕೆ ಲಗಾಮು ಹಾಕಲು 2025ರ ಜೂನ್ 6ರಂದು, ಎನ್‌ಸಿಎಎ ವಿರುದ್ಧ ಆಟಗಾರರು ಹಾಕಿದ್ದ 'ಹೌಸ್' ಕೇಸಿನ ರಾಜಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಕೊಟ್ಟವರು ಅದೇ ಕ್ಲಾಡಿಯಾ ವಿಲ್ಕನ್. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಇನ್ನು ಮುಂದೆ ಕಾಲೇಜೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ, ಅದೂ ಎಲ್ಲ ಆಟಗಳಿಗೂ ಸೇರಿ. ಹೊರಗಿನ ಜಾಹೀರಾತು ಒಪ್ಪಂದ 600 ಡಾಲರ್ ದಾಟಿದರೆ ತಪಾಸಣೆಗೆ ಕಳಿಸಬೇಕು. ಹಳೆಯ ಬಾಕಿಯಲ್ಲಿ ಸಿಂಹಪಾಲು ಫುಟ್‌ಬಾಲ್‌ನವರಿಗೆ. ಮಹಿಳಾ ಆಟಗಾರರಿಗೆ ಸಿಗುವುದು ತೀರಾ ಕಡಿಮೆ. ಅದರ ಜಗಳ ಬೇರೆಯೇ ನಡೆದಿದೆ.

ಇಷ್ಟೆಲ್ಲದರ ನಡುವೆ ಒಂದು ಗುಂಪು ಬಾಗಿಲಲ್ಲೇ ನಿಂತಿದೆ: ವಿದೇಶಿ ವಿದ್ಯಾರ್ಥಿಗಳು. ಬೆಂಗಳೂರಿನಿಂದ, ಮೈಸೂರಿನಿಂದ ಎಂಎಸ್ ಮಾಡಲು ಹೋದವರಿಗೆ ಎಫ್-1 ವೀಸಾದ ಕಟ್ಟುಪಾಡು ಬಾಯಿಪಾಠ. ಕ್ಯಾಂಪಸ್ ಹೊರಗೆ ಬೇಕಾದಂತೆ ದುಡಿಯುವ ಹಾಗಿಲ್ಲ. ಅದೇ ನಿಯಮ ಸ್ಟಾರ್ ಆಟಗಾರರಿಗೂ ಇದೆ. ಕೆಂಟಕಿ ಬಾಸ್ಕೆಟ್‌ಬಾಲ್ ತಂಡದ ಕಾಂಗೋ ಮೂಲದ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ತಮ್ಮ ಜಾಹೀರಾತು ಕೆಲಸವನ್ನೆಲ್ಲ ಅಲ್ಲೇ ಮುಗಿಸಿಕೊಂಡು ಬಂದರು. ಅಮೆರಿಕದ ನೆಲದ ಮೇಲೆ ಮಾಡಿದರೆ ವೀಸಾಕ್ಕೇ ಕುತ್ತು.

ಇನ್ನು ಕೋಚ್‌ಗಳು. ಆಟಗಾರರಿಗೆ ದುಡ್ಡು ಅಂದರೆ ಹುಬ್ಬು ಏರಿಸುವ ಅಭಿಮಾನಿಗಳು ಕೋಚ್ ಸಂಬಳಕ್ಕೆ ಮಾತ್ರ ಬಹಳ ಕಾಲ ಸುಮ್ನೆ ಇದ್ದರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಯಾವುದೋ ವಿಶ್ವವಿದ್ಯಾಲಯದ ಕೋಚ್. 2022ರ ಮೇ ತಿಂಗಳಲ್ಲಿ ಅಲಬಾಮಾದ ಕೋಚ್ ನಿಕ್ ಸಬನ್, ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ತಂಡದ ಪ್ರತಿಯೊಬ್ಬ ಆಟಗಾರನನ್ನೂ ದುಡ್ಡು ಕೊಟ್ಟು ಕೊಂಡುಕೊಂಡಿದೆ ಅಂತ ಬಹಿರಂಗವಾಗಿ ದೂರಿದರು. ಅಲ್ಲಿನ ಕೋಚ್ ಜಿಂಬೊ ಫಿಶರ್ ಮರುದಿನವೇ ಪತ್ರಿಕಾಗೋಷ್ಠಿ ಕರೆದು ಕೆಂಡ ಕಾರಿದರು. ವರ್ಷಕ್ಕೆ ಕೋಟ್ಯಂತರ ರೂಪಾಯಿ ಅಲ್ಲ, ಕೋಟಿ ಡಾಲರ್ ಲೆಕ್ಕದಲ್ಲಿ ಎಣಿಸುವ ಇಬ್ಬರು, ಹುಡುಗರ ಕೈಗೆ ಬಂದ ದುಡ್ಡಿನ ಬಗ್ಗೆ ಜಗಳ ಆಡಿದ ಹಾಗೆ ಅದು. 2023ರ ನವೆಂಬರ್‌ನಲ್ಲಿ ಫಿಶರ್ ಕೆಲಸ ಹೋಯಿತು. ಒಪ್ಪಂದದ ಅವಧಿ ಇನ್ನೂ ಉಳಿದಿದ್ದರಿಂದ, ಕೆಲಸ ಮಾಡದೇ ಇರುವುದಕ್ಕೆ ಅವರಿಗೆ ಸಲ್ಲಬೇಕಾದ ಮೊತ್ತ ಸುಮಾರು 7.6 ಕೋಟಿ ಡಾಲರ್. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಲೂಸಿಯಾನಾ ರಾಜ್ಯದ ವಿಶ್ವವಿದ್ಯಾಲಯ ಎಲ್‌ಎಸ್‌ಯುನಲ್ಲಿ 2025ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಆಯಿತು. ಕೋಚ್ ಬ್ರಯನ್ ಕೆಲಿ ವಜಾ ಆದಾಗ ಅವರಿಗೆ ಕೊಡಬೇಕಾದದ್ದು ಸುಮಾರು 5.4 ಕೋಟಿ ಡಾಲರ್. ಹೊಸ ನಿಯಮದಲ್ಲಿ ಆ ವಿಶ್ವವಿದ್ಯಾಲಯದ ಎಲ್ಲ ಆಟಗಳ ಎಲ್ಲ ಆಟಗಾರರಿಗೂ ಸೇರಿ ಎರಡೂವರೆ ವರ್ಷ ಕೊಡಬಹುದಾದ ದುಡ್ಡಿಗಿಂತ ಇದು ಜಾಸ್ತಿ. ಲೂಸಿಯಾನಾ ಗವರ್ನರ್ ಜೆಫ್ ಲ್ಯಾಂಡ್ರಿ ಸಿಟ್ಟಾದರು. ಮುಂದಿನ ಕೋಚನ್ನು ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಆರಿಸುವ ಹಾಗಿಲ್ಲ ಅಂದರು. ಗವರ್ನರ್ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಹಿಂದೆ ಎ ಆ್ಯಂಡ್ ಎಂಗೆ ಫಿಶರ್‌ರನ್ನು ಕರೆತಂದಾಗ ಅಲ್ಲಿನ ನಿರ್ದೇಶಕರೂ ಇದೇ ವುಡ್‌ವರ್ಡ್. ಕೆಲವೇ ದಿನದಲ್ಲಿ ಅವರೂ ಹುದ್ದೆ ಬಿಟ್ಟರು. ಇನ್ನೊಂದು ತಿಂಗಳಿಗೆ ಎಲ್‌ಎಸ್‌ಯು ಮಿಸಿಸಿಪಿ ವಿಶ್ವವಿದ್ಯಾಲಯದ ಕೋಚ್ ಲೇನ್ ಕಿಫಿನ್‌ರನ್ನು ಕರೆತಂದಿತು. ಒಪ್ಪಂದ ಏಳು ವರ್ಷಕ್ಕೆ, ಮೊತ್ತ ಸುಮಾರು 9.1 ಕೋಟಿ ಡಾಲರ್.